ನ್ಯೂಕ್ಲಿಯೊಟೈಡುಗಳ ಆಕೃತಿಯನ್ನು ಅರಸಿದ ವಿಶ್ವಾಮಿತ್ರರು

ಯಶವಂತಪುರದ ಸನಿಹದಲ್ಲಿ, ಹಳಬರು ಟಾಟಾ ಇನ್ಸ್‌ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಅದರ ಭೌತಶಾಸ್ತ್ರ ವಿಭಾಗದಲ್ಲಿ ಜೀವಾಣುಗಳ ರೂಪವನ್ನು ಅರಸಿದವರು ಮೈಸೂರು ಅನಂತಮೂರ್ತಿ ವಿಶ್ವಾಮಿತ್ರರು. ಅವರು ಜನಿಸಿದ್ದು 1932ರಲ್ಲಿ.

ಒಂದು ಪ್ರತ್ಯಾಮ್ಲ, ಒಂದು ಸಕ್ಕರೆ, ಅದಕ್ಕಂಟಿದ ಫಾಸ್ಫೇಟ್: ಈ ಮೂರು ಕೂಡಿದರೆ ನ್ಯೂಕ್ಲಿಯೊಟೈಡ್. ಇವು ಸರಪಣಿಗಟ್ಟಿದರೆ ವಂಶವಾಹಿಯಾದ ಡಿ.ಎನ್.ಎ.; ಬಿಡಿಯಾಗಿ ನಿಂತರೂ ಜೀವಕೋಶದಲ್ಲಿ ಇವಕ್ಕೆ ಬಿಡುವಿಲ್ಲ. ಎ.ಟಿ.ಪಿ. ಒಂದು ಫಾಸ್ಫೇಟನ್ನು ತೊರೆದು ಎ.ಡಿ.ಪಿ. ಆಗುವಾಗ ಕೋಶಕ್ಕೆ ಶಕ್ತಿ ದೊರೆಯುತ್ತದೆ, ಸಿ.ಡಿ.ಪಿ.-ಕೋಲೀನ್ ಕೋಶಪೊರೆಯ ಕೊಬ್ಬಿನ ನಿರ್ಮಾಣಕ್ಕೆ ಕೋಲೀನನ್ನು ಹೊತ್ತು ತರುತ್ತದೆ. ಕೇಂಬ್ರಿಜ್‌ನ ಓಲ್ಗಾ ಕೆನಾರ್ಡ್ ಅವರೊಡಗೂಡಿ ವಿಶ್ವಾಮಿತ್ರರು ಕ್ಷ-ಕಿರಣಗಳ ನೆರವಿನಿಂದ 1975ರಲ್ಲಿ ಸಿ.ಡಿ.ಪಿ.-ಕೋಲೀನಿನ, 1976ರಲ್ಲಿ ಎ.ಡಿ.ಪಿ. ಲವಣವೊಂದರ ಸ್ಫಟಿಕರಚನೆಯನ್ನು ಪ್ರಕಟಿಸಿದರು.

ಆದರೆ ಅವರ ಹೆಸರನ್ನು ದೂರಕ್ಕೊಯ್ದದ್ದು 1978ರ ಕಾರ್ಯ. ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ನಿರೂಪಿಸಿದ ಜೋಡಿಸುರುಳಿಗೆ ಎಳೆಗಳ ಚಿತ್ರಗಳೇ ಆಧಾರವಾಗಿದ್ದುವು. ಒಂದೊಂದು ಪರಮಾಣುವೂ ಅವುಗಳಲ್ಲಿ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಎರಡೆಳೆಗಳು ಒಂದನ್ನೊಂದು ಸುತ್ತದೆ ಬಲಮುರಿ ಎಡಮುರಿಗಳಾಗಿ ಪಕ್ಕಪಕ್ಕದಲ್ಲಿಯೇ ಸಾಗಬಹುದೆಂಬ ವಾದವನ್ನು ಅದೇ ಸಂಸ್ಥೆಯ ವಿ. ಶಶಿಶೇಖರನ್ ಮತ್ತು ಸಂಗಡಿಗರು ಎತ್ತಿದ್ದರು. ಇಂಥ ಸಂದೇಹಗಳ ಕಾಲದಲ್ಲಿಯೇ ವಿಶ್ವಾಮಿತ್ರರ ಬಳಗವು ಅಡಿನೀನ್, ಥೈಮೀನ್, ಅಡಿನೀನ್, ಥೈಮೀನ್ ಎಂಬ ನಾಲ್ಕಕ್ಷರದ ತುಣುಕಿನ ಸ್ಫಟಿಕವನ್ನು ಬಿಡಿಸಿ, ಬಲಮುರಿಯ ಜೋಡಿಯನ್ನು ಪರಮಾಣು ಮಟ್ಟದಲ್ಲಿ ತೋರಿತು. ತುಣುಕು ಚಿಕ್ಕದು, ಪ್ರತಿ ಎಳೆಯೂ ಎರಡೆರಡಕ್ಷರಗಳಂತೆ ಇಬ್ಬದಿಯ ಎಳೆಗಳೊಡನೆ ಕೂಡಿತ್ತೇ ಹೊರತು ಉದ್ದನೆಯ ಸುರುಳಿಯಾಗಿರಲಿಲ್ಲ. ಆದುದರಿಂದ ವಾದವು ಅಲ್ಲಿಗೇ ನಿಲ್ಲಲಿಲ್ಲ. ಅಮೆರಿಕದ ಡಿಕರ್ಸನ್ ಬಳಗವು ಹನ್ನೆರಡಕ್ಷರದ ಸುರುಳಿಯನ್ನು ತೋರಿದ್ದು 1980ರಲ್ಲಿ.

ಆ ಪುಟ್ಟ ತುಣುಕು ಇನ್ನೊಂದು ಸಂಗತಿಯನ್ನೂ ಹೊರಗೆಡಹಿತು. ಅಡಿನೀನಿನ ಸಕ್ಕರೆ ಒಂದು ಬಗೆಯಾಗಿ ಬಾಗಿದ್ದರೆ ಥೈಮೀನಿನದು ಬೇರೆ ಬಗೆ. ಮಳೆ, ಕಾಲ ಸೇರಿ ಮಳೆಗಾಲವಾದಾಗ ಕಕಾರವು ನೆರೆಯ ದೆಸೆಯಿಂದ ಗಕಾರವಾಗುವುದನ್ನು ವ್ಯಾಕರಣ ಬಲ್ಲವರಿಗೆ ಹೇಳಬೇಕಾಗಿಲ್ಲ. ಅಣುಗಳಿಗೂ ಅಂಥದೊಂದು ಸಂಧಿಕಾರ್ಯವಿದೆಯೆನ್ನಬಹುದು. ಸುರುಳಿಯು ಉದ್ದಕ್ಕೂ ಏಕರೂಪವಲ್ಲ, ಅಕ್ಷರಕ್ರಮಕ್ಕೆ ತಕ್ಕಂತೆ ಅದರ ಆಕಾರವೂ ಮಾರ್ಪಡುವುದೆಂಬ ಪ್ರತಿಪಾದನೆಯನ್ನು 1979ರಲ್ಲಿ ಏರನ್ ಕ್ಲುಗ್, ಕೆನಾರ್ಡ್ ಮೊದಲಾದವರೊಡನೆ ವಿಶ್ವಾಮಿತ್ರರು ಮುಂದಿಟ್ಟರು. ನಿಯಂತ್ರಕ ಪ್ರೋಟೀನೊಂದು ತನ್ನ ನೆಲೆಯನ್ನು ಗುರುತಿಸಲು ಈ ಭೇದವು ನೆರವಾಗಬಹುದೆಂಬುದು ಅವರ ಊಹೆಯಾಗಿತ್ತು.

1978ರಲ್ಲಿ ಅವರಿಗೆ ಭೌತವಿಜ್ಞಾನದ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಸಂದಿತು. 1981ರಲ್ಲಿ ಎಂಟಕ್ಷರದ ತುಣುಕಿನ ಅಧ್ಯಯನದಲ್ಲಿಯೂ ಅವರ ಪಾಲಿತ್ತು. 2001ರಲ್ಲಿ ಅವರು ತೀರಿಕೊಂಡರು.