ಗಾಯ ಮಾಡದ ಗುಂಡು

ಬೈಕ್ ಕೊಳ್ಳುವ ಮೊದಲು ನಾವು ಶೋರೂಮಿನವರ ಮಾತನ್ನು ಪೂರ್ತಿ ನಂಬುವುದಿಲ್ಲ. ಅದೇ ಬೈಕನ್ನು ನಾಲ್ಕು ವರ್ಷ ಓಡಿಸಿದವರನ್ನು ಹುಡುಕಿ ಕೇಳುತ್ತೇವೆ. ಮೈಲೇಜ್ ಎಷ್ಟು, ಮಳೆಯಲ್ಲಿ ಕೈ ಕೊಡುತ್ತದೆಯೇ, ಏರಿನಲ್ಲಿ ಎಳೆಯುತ್ತದೆಯೇ? ಯಂತ್ರದ ಗುಣ ಇಟ್ಟುಕೊಂಡವರಿಗೇ ಗೊತ್ತು. ಹಾಗಾದರೆ ಒಂದು ಬೇಟೆ ಬಂದೂಕು ಹೇಗಿದೆ ಎಂದು ಯಾರನ್ನು ಕೇಳಬೇಕು? ನನಗೆ ತಕ್ಷಣ ನೆನಪಾಗುವ ಹೆಸರು ಜಿಮ್ ಕಾರ್ಬೆಟ್. ರುದ್ರಪ್ರಯಾಗದ ನರಭಕ್ಷಕ ಚಿರತೆಯ ಕಥೆಯನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಮೇಲೆ ಅವರು ನಮ್ಮವರೇ ಆಗಿಬಿಟ್ಟಿದ್ದಾರೆ. ಅವರ ಬದುಕನ್ನು ಅವರ ಕೈಯಲ್ಲಿದ್ದ ಕೋವಿಗಳ ಮೂಲಕವೂ ಓದಬಹುದು.

ಕಾರ್ಬೆಟ್ ಹುಟ್ಟಿದ್ದು 1875ರ ಜುಲೈ 25ರಂದು, ನೈನಿತಾಲ್‌ನಲ್ಲಿ. ತಂದೆ ಅಲ್ಲಿ ಪೋಸ್ಟ್‌ಮಾಸ್ಟರ್. ಜಿಮ್ ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ದೊಡ್ಡ ಸಂಸಾರದ ಭಾರ ತಾಯಿಯ ಮೇಲೆ ಬಿತ್ತು. ಚಳಿಗಾಲ ಬಂತೆಂದರೆ ಕುಟುಂಬ ಬೆಟ್ಟ ಇಳಿದು ಕಾಲಾಢುಂಗಿಯ ಮನೆಗೆ ಬರುತ್ತಿತ್ತು. ಸುತ್ತ ಕಾಡು. ಎಂಟರ ಆಸುಪಾಸಿನ ಹುಡುಗನಿಗೆ ಮೊದಲು ಸಿಕ್ಕಿದ್ದು ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಜೋಡುನಳಿಗೆ ಕೋವಿ. ಬಲಗಡೆಯ ನಳಿಗೆ ಸೀಳಿತ್ತು. ಮರದ ಹಿಡಿಯನ್ನೂ ನಳಿಗೆಯನ್ನೂ ಹಿತ್ತಾಳೆ ತಂತಿ ಸುತ್ತಿ ಕಟ್ಟಿದ್ದರು. ಯಾವ ತಪಾಸಣೆಯಲ್ಲೂ ಪಾಸಾಗದ ಕೋವಿ ಅದು. ಆದರೆ ಒಂದು ಈಡು ಹೊಡೆದರೆ ಮತ್ತೆ ಮದ್ದು ತುಂಬಲು ಹೊತ್ತು ಹಿಡಿಯುವ ಕೋವಿ ಹಿಡಿದವರು, ಗುರಿ ಖಾತ್ರಿಯಾಗದೆ ಹೊಡೆಯಬಾರದೆಂದು ಬೇಗ ಕಲಿಯುತ್ತಾರೆ. ಆಮೇಲೆ ಸಿಕ್ಕಿದ್ದು ಶಾಲೆಯ ಕೆಡೆಟ್ ದಳದ .450 ಮಾರ್ಟಿನಿ ರೈಫಲ್. ಹೆಗಲಿಗೆ ಒದೆಯುವುದಕ್ಕೆ ಹೆಸರಾಗಿದ್ದ ಅದರಲ್ಲೇ ಅವರು ಮೊದಲ ಚಿರತೆಯನ್ನು ಹೊಡೆದರು.

ಬೇಟೆ ಅವರ ಉದ್ಯೋಗವಾಗಿರಲಿಲ್ಲ. ಎಳೆಯ ವಯಸ್ಸಿಗೇ ರೈಲ್ವೆ ಕೆಲಸಕ್ಕೆ ಸೇರಿದರು. ಗಂಗೆಯ ದಡದ ಮೊಕಾಮೆಘಾಟ್‌ನಲ್ಲಿ 20ಕ್ಕೂ ಹೆಚ್ಚು ವರ್ಷ ಸರಕು ಸಾಗಣೆಯ ಗುತ್ತಿಗೆ ನಡೆಸಿದರು. ನರಭಕ್ಷಕಗಳ ಬೆನ್ನು ಹತ್ತಿದ್ದು ಈ ದುಡಿಮೆಯ ನಡುವೆ ಬಿಡುವು ಮಾಡಿಕೊಂಡು.

1907ರಲ್ಲಿ ಚಂಪಾವತ್‌ನ ಹೆಣ್ಣು ಹುಲಿಯನ್ನು ಕೊಲ್ಲಲು ಕರೆ ಬಂತು. ನೇಪಾಳದಲ್ಲಿ 200 ಮಂದಿ, ಕುಮಾವೂನಿನಲ್ಲಿ 234 ಮಂದಿ, ಹೀಗಿತ್ತು ಅದರ ಲೆಕ್ಕ. ಬಹುಮಾನದ ಘೋಷಣೆಯನ್ನು ಹಿಂತೆಗೆದುಕೊಳ್ಳಬೇಕು, ಬೇರೆ ಬೇಟೆಗಾರರನ್ನು ವಾಪಸ್ ಕರೆಸಬೇಕು ಎಂಬ ಷರತ್ತು ಹಾಕಿ ಕಾರ್ಬೆಟ್ ಹೊರಟರು. ಸುಮಾರು 300 ಹಳ್ಳಿಗರು ಸೇರಿ ಸೋವಿದಾಗ ಹುಲಿ ಹೊರಬಂತು. ಅವರ ಬಳಿ ಇದ್ದದ್ದು .500 ರೈಫಲ್ ಮತ್ತು ಮೂರೇ ತೋಟೆ. ಮೂರೂ ಮುಗಿದವು, ಗಾಯಗೊಂಡ ಹುಲಿ ಇನ್ನೂ ಎದುರಿಗಿತ್ತು. ಓಡಿಹೋಗಿ ತಹಶೀಲ್ದಾರರ ಕೋವಿ ಇಸಿದುಕೊಂಡು ಬಂದರು. ಅದರ ನಳಿಗೆಗೂ ಹಿಂಭಾಗಕ್ಕೂ ನಡುವೆ ಸಂದು ಬಿಟ್ಟಿತ್ತು. ಸುಮಾರು 20 ಅಡಿ ದೂರದಿಂದ ಬಾಯಿಗೆ ಗುರಿಯಿಟ್ಟರೆ ಗುಂಡು ಬಿದ್ದದ್ದು ಪಂಜಕ್ಕೆ. ಮೊದಲಿನ ಗಾಯಗಳಿಂದಲೇ ಸೋತಿದ್ದ ಹುಲಿ ಅಷ್ಟಕ್ಕೆ ಕುಸಿಯಿತು.

ಸತ್ತ ಹುಲಿಯ ಬಾಯಿ ನೋಡಿದಾಗ ಇಡೀ ಕಥೆಯ ಬೇರು ಸಿಕ್ಕಿತು. ಬಲಗಡೆಯ ಮೇಲಿನ ಕೋರೆಹಲ್ಲು ಅರ್ಧ ಮುರಿದಿತ್ತು, ಕೆಳಗಿನದು ಬುಡಮಟ್ಟ ಹೋಗಿತ್ತು. ಎಂದೋ ಯಾರೋ ಹೊಡೆದ ಗುಂಡಿನ ಫಲ ಅದು. ತನ್ನ ಸಹಜ ಬೇಟೆಯನ್ನು ಕೊಲ್ಲಲಾಗದ ಹುಲಿ ಹುಲ್ಲು, ಸೊಪ್ಪು ತರಲು ಹೋದ ಹೆಂಗಸರ ಮೇಲೆ ಬಿದ್ದಿತ್ತು. ಆ ಬೇಟೆಗಾರ ಯಾರೋ, ಅವನ ಬಂದೂಕು ಯಾವುದೋ. ಗುರಿ ತಪ್ಪಿದ ಮೇಲೆ ಆತ ಮನೆಗೆ ಹೋಗಿ ಊಟ ಮಾಡಿ ಮಲಗಿರಬಹುದು. ಬೆಲೆ ತೆತ್ತವರು ಅವನ ಮುಖವನ್ನೇ ನೋಡದ ಹಳ್ಳಿಗರು.

ಈ ಬೇಟೆಗೆ ಮೆಚ್ಚುಗೆಯಾಗಿ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹ್ಯುವೆಟ್ ಒಂದು ರೈಫಲ್ ಕೊಟ್ಟರು. ಲಂಡನ್ನಿನ ಜಾನ್ ರಿಗ್ಬಿ ಕಂಪನಿಯ .275 ಅದು. ಹಿಡಿಯ ಮೇಲೆ ಕಾಣಿಕೆಯ ವಿವರ ಕೆತ್ತಿದ ಬೆಳ್ಳಿ ಫಲಕ. ಒಳಗಿನ ಯಂತ್ರ ಜರ್ಮನಿಯ ಮೌಸರ್ ಮಾದರಿಯದು. ಬೋಲ್ಟಿಗೆ ಅಂಟಿದ ಉದ್ದನೆಯ ಕೊಕ್ಕೆಯೊಂದು ತೋಟೆ ಮೇಲೆ ಬರುತ್ತಿದ್ದಂತೆ ಅದರ ಅಂಚನ್ನು ಹಿಡಿದುಕೊಳ್ಳುತ್ತದೆ, ಖಾಲಿಯಾದ ಮೇಲೆ ಎಳೆದು ಹೊರಹಾಕುವವರೆಗೆ ಬಿಡುವುದಿಲ್ಲ. ಹೀಗಾಗಿ ಕೋವಿ ಓರೆಯಾಗಿದ್ದರೂ ತೋಟೆ ಜಾರುವುದಿಲ್ಲ, ಅವಸರದಲ್ಲಿ ಎರಡು ತೋಟೆ ಸಿಕ್ಕಿಕೊಳ್ಳುವುದೂ ಇಲ್ಲ.

ಅಂಕಿಗಳಲ್ಲಿ ನೋಡಿದರೆ ಇದು ಹುಲಿಗೆ ಸಣ್ಣ ಕೋವಿ. ಗುಂಡಿನ ತೂಕ 9ರಿಂದ 11 ಗ್ರಾಂ. ಕಾರ್ಬೆಟ್ ಬಳಿ ಜೆಫ್ರಿ ಕಂಪನಿಯ .450/400 ಜೋಡುನಳಿಗೆ ರೈಫಲ್ ಕೂಡ ಇತ್ತು. ಅದರ ಗುಂಡು ಸುಮಾರು 26 ಗ್ರಾಂ, ಹೊಡೆತದ ಶಕ್ತಿ ಹೆಚ್ಚುಕಡಿಮೆ ಎರಡರಷ್ಟು. ನಮ್ಮಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪಟ್ಟಿ ನೋಡಿ ಕಣ್ಣು ಮುಚ್ಚಿ ದೊಡ್ಡದನ್ನೇ ಆರಿಸುತ್ತೇವೆ. ಕಾರ್ಬೆಟ್ ಆರಿಸಿದ್ದನ್ನು ನೋಡಿದರೆ ಲೆಕ್ಕ ಅಷ್ಟು ಸರಳವಲ್ಲ.

ರುದ್ರಪ್ರಯಾಗದ ಚಿರತೆ 1918ರಿಂದ 125 ಜನರನ್ನು ಕೊಂದಿತ್ತು. 1921ರಲ್ಲಿ ಇಬ್ಬರು ಅಧಿಕಾರಿಗಳು ತೂಗುಸೇತುವೆಯ ಮೇಲೆ ಅದಕ್ಕೆ ಗುಂಡು ಹಾರಿಸಿ, ಕಾಲಿಗೆ ಗಾಯ ಮಾಡಿ ಕಳೆದುಕೊಂಡಿದ್ದರು. ಆ ಅರೆಬರೆ ಗುಂಡಿನ ನಂತರವೂ ಅದು ಐದು ವರ್ಷ ಬದುಕಿ ಕೊಲ್ಲುತ್ತಲೇ ಹೋಯಿತು. 1926ರ ಮೇ ತಿಂಗಳಲ್ಲಿ ಗುಲಾಬ್‌ರಾಯ್‌ನ ಮಾವಿನ ಮರದಲ್ಲಿ ರಾತ್ರಿಗಟ್ಟಲೆ ಕಾದ ಕಾರ್ಬೆಟ್ ಹೊಡೆದದ್ದು .275ರಿಂದ ಒಂದೇ ಗುಂಡು. ಟಾರ್ಚಿನ ಬೆಳಕು ಗುರಿ ಹಿಡಿಯುವಷ್ಟು ಹೊತ್ತು ಉರಿದು ಆರಿಹೋಯಿತು. ಬೆಳಗಾದಾಗ ಚಿರತೆ ಸತ್ತು ಬಿದ್ದಿತ್ತು.

1930ರ ಏಪ್ರಿಲ್ 11ರಂದು ಚೌಗಢದ ಹೆಣ್ಣು ಹುಲಿ ಎದುರಾದದ್ದು ಬಂಡೆಯ ಮರೆಯಲ್ಲಿ, ಕೆಲವೇ ಅಡಿ ದೂರದಲ್ಲಿ. ಎಡಗೈಯಲ್ಲಿ ಆಗಷ್ಟೇ ಎತ್ತಿಕೊಂಡ ನತ್ತಿಂಗ ಹಕ್ಕಿಯ ಮೊಟ್ಟೆಗಳು, ಬಲಗೈಯಲ್ಲಿ ರಿಗ್ಬಿ. ಬೆಚ್ಚಿ ತಿರುಗಿದ್ದರೆ ಹುಲಿ ಎರಗುತ್ತಿತ್ತು. ಅವರು ಒಂದೇ ಕೈಯಿಂದ ಕೋವಿಯನ್ನು ನಿಧಾನವಾಗಿ ಮುಕ್ಕಾಲು ಸುತ್ತು ತಿರುಗಿಸಿ ಹೊಡೆದರು. ಭಾರದ ಜೋಡುನಳಿಗೆಯಲ್ಲಿ ಹಾಗೆ ಮಾಡುವುದು ಕಷ್ಟ. ಕೈಪಿಡಿಯಲ್ಲಿ ಹಗುರ ಎಂಬುದು ಒಂದು ಅಂಕಿ, ಆ ಕ್ಷಣದಲ್ಲಿ ಅದೇ ಪ್ರಾಣ. ಆಮೇಲೆ ಅವರು ಮೊಟ್ಟೆಗಳನ್ನು ತಂದ ಜಾಗದಲ್ಲೇ ಇಟ್ಟು ಬಂದರು.

ಹಾಗೆಂದು ಅವರು ಸಣ್ಣ ಕೋವಿಯ ಭಕ್ತರೇನಲ್ಲ. 1938ರ ನವೆಂಬರ್ 30ರ ಮುಸ್ಸಂಜೆ ಥಾಕ್‌ನ ನರಭಕ್ಷಕಿಯನ್ನು ಗಂಡು ಹುಲಿಯ ದನಿಯಲ್ಲಿ ಕೂಗಿ ಕರೆದಾಗ ಕೈಯಲ್ಲಿದ್ದದ್ದು .450/400. ಬೆಳಕು ಆರುತ್ತಿತ್ತು, ಜೊತೆಗಿದ್ದವರ ಜೀವವೂ ಅವರ ಹೊಣೆ. ಎರಡನೇ ಗುಂಡಿಗೆ ಬೋಲ್ಟ್ ಎಳೆಯುವಷ್ಟು ಸಮಯ ಇರಲಿಲ್ಲ. ಹುಲಿಯೇನೋ ಸತ್ತಿತು. ಒದೆತಕ್ಕೆ ಆಯತಪ್ಪಿದ ಅವರೂ ಬಂಡೆಯಿಂದ ಕೆಳಗಿದ್ದವರ ಮೇಲೆ ಬಿದ್ದರು.

ಇದೇ 7 ಮಿ.ಮೀ. ತೋಟೆಯಿಂದ ಆಫ್ರಿಕಾದಲ್ಲಿ ಡಬ್ಲ್ಯು.ಡಿ.ಎಂ. ಬೆಲ್ ನೂರಾರು ಆನೆಗಳನ್ನು ಕೊಂದರು. ಆನೆಯ ತಲೆಬುರುಡೆ ಸೀಳಿ ಮಿದುಳು ಎಲ್ಲಿದೆ ಎಂದು ಅವರು ಮೊದಲೇ ಅಭ್ಯಾಸ ಮಾಡಿದ್ದರು. ದಂತಕ್ಕಾಗಿ ನಡೆದ ಆ ಕೊಲೆಗಳು ನನಗೆ ಒಪ್ಪಿಗೆಯಾಗುವುದಿಲ್ಲ. ಆದರೆ ಇಬ್ಬರು ಮಾಲೀಕರ ಅನುಭವವೂ ಹೇಳುವುದು ಒಂದನ್ನೇ: ಗುಂಡಿನ ಬಲಕ್ಕಿಂತ ಅದು ಬೀಳುವ ಜಾಗ ಮುಖ್ಯ. ಒದೆಯುವ ಕೋವಿ ಕೈಯನ್ನು ಹೆದರಿಸುತ್ತದೆ, ಹೆದರಿದ ಕೈ ಗುರಿ ತಪ್ಪಿಸುತ್ತದೆ. ತಪ್ಪಿದ ಗುರಿ ಇನ್ನೊಂದು ಚಂಪಾವತ್‌ಗೆ ದಾರಿ ಮಾಡುತ್ತದೆ.

ಕಾರ್ಬೆಟ್ ಮೋಜಿಗಾಗಿಯೂ ಹುಲಿ ಹೊಡೆದವರೇ. ಆದರೆ ವಯಸ್ಸು ಏರಿದಂತೆ ಕೋವಿಗಿಂತ ಕ್ಯಾಮೆರಾ ಅವರ ಕೈಗೆ ಹೆಚ್ಚು ಒಗ್ಗಿತು. ಕಾಡು ಉಳಿಸಬೇಕೆಂದು ದನಿ ಎತ್ತಿದರು. 1936ರಲ್ಲಿ ಕುಮಾವೂನಿನ ತಪ್ಪಲಲ್ಲಿ ಆದ ರಾಷ್ಟ್ರೀಯ ಉದ್ಯಾನಕ್ಕೆ 1957ರಲ್ಲಿ ಅವರದೇ ಹೆಸರು ಬಂತು. ಅದನ್ನು ನೋಡಲು ಅವರಿರಲಿಲ್ಲ. ಅಕ್ಕ ಮ್ಯಾಗಿಯೊಂದಿಗೆ 1947ರಲ್ಲಿ ಕೆನ್ಯಾಕ್ಕೆ ಹೋದವರು 1955ರ ಏಪ್ರಿಲ್ 19ರಂದು ನ್ಯೇರಿಯಲ್ಲಿ ತೀರಿಕೊಂಡರು.

ಆ ರಿಗ್ಬಿ ಈಗ ಮತ್ತೆ ತನ್ನನ್ನು ತಯಾರಿಸಿದ ಕಂಪನಿಯ ಬಳಿಯೇ ಇದೆ. 2016ರಲ್ಲಿ ಅದನ್ನು ಒಮ್ಮೆ ಕಾಲಾಢುಂಗಿಗೂ ತಂದಿದ್ದರು. ಬಂದೂಕಿನ ವಿವರಪಟ್ಟಿಯಲ್ಲಿ ತೂಕ, ವೇಗ, ದೂರ ಎಲ್ಲವೂ ಇರುತ್ತವೆ. ಗಾಯಗೊಂಡು ಪೊದೆಯೊಳಗೆ ಹೋದ ಪ್ರಾಣಿಯ ಲೆಕ್ಕಕ್ಕೆ ಮಾತ್ರ ಅಲ್ಲಿ ಜಾಗವಿಲ್ಲ. ನಾಳೆ ಸೇತುವೆಯನ್ನೋ ಬ್ರೇಕನ್ನೋ ವಿನ್ಯಾಸ ಮಾಡಬೇಕಾದ ನಮ್ಮ ಪಟ್ಟಿಗಳಲ್ಲೂ, ನಾವು ತಪ್ಪಿದರೆ ಅನುಭವಿಸುವವರು ಯಾರು ಎಂಬ ಸಾಲು ಇರುವುದಿಲ್ಲ. ಆ ಸಾಲನ್ನು ನಾವೇ ಬರೆದುಕೊಳ್ಳಬೇಕು.