ನಾಳಿನ ಸೂರ್ಯೋದಯಕ್ಕೆ ಲೆಕ್ಕವಿಟ್ಟ ಲಾಪ್ಲಾಸ್

1773ರ ವಸಂತದಲ್ಲಿ ಪ್ಯಾರಿಸ್ ನಗರದ ತುಂಬ ಒಂದೇ ಸುದ್ದಿ. ಧೂಮಕೇತುವೊಂದು ಭೂಮಿಗೆ ಅಪ್ಪಳಿಸಲಿದೆ, ಪ್ರಳಯ ಸನ್ನಿಹಿತವಾಗಿದೆ ಎಂದು ಜನ ಕಂಗಾಲಾಗಿದ್ದರು. ಇದಕ್ಕೆಲ್ಲ ಕಾರಣ ಖಗೋಳಜ್ಞ ಜೆರೋಮ್ ಲಲಾಂದ್ ಬರೆದಿದ್ದ ಒಂದು ಪ್ರಬಂಧ. ಭೂಮಿಯ ಸಮೀಪ ಹಾದುಹೋಗಬಲ್ಲ ಧೂಮಕೇತುಗಳನ್ನು ಕುರಿತ ಆ ಪ್ರಬಂಧವನ್ನು ವಿಜ್ಞಾನ ಅಕಾಡೆಮಿಯ ಸಭೆಯಲ್ಲಿ ಓದಬೇಕಿತ್ತು. ಸಮಯದ ಅಭಾವದಿಂದ ಓದಲಾಗಲಿಲ್ಲ. ಯಾರೂ ಕೇಳದ ಆ ಪ್ರಬಂಧ ಬಾಯಿಂದ ಬಾಯಿಗೆ ಹಬ್ಬಿ ಭವಿಷ್ಯವಾಣಿಯಾಯಿತು. ಕೊನೆಗೆ ಲಲಾಂದ್ ಅದನ್ನು ಪ್ರಕಟಿಸಿ, ಅಂತಹ ಡಿಕ್ಕಿಯ ಸಾಧ್ಯತೆ ಅತ್ಯಲ್ಪವೆಂದು ಸಮಾಧಾನ ಹೇಳಬೇಕಾಯಿತು.

ಅದೇ ವಸಂತದಲ್ಲಿ, ಮಾರ್ಚ್ 31ರಂದು, 24 ವರ್ಷದ ತರುಣನೊಬ್ಬ ಅದೇ ಅಕಾಡೆಮಿಗೆ ಆಯ್ಕೆಯಾದ. ಆತನೇ ಪಿಯರ್ ಸಿಮೋನ್ ಲಾಪ್ಲಾಸ್. ಈ ಲೋಕ ಇನ್ನೆಷ್ಟು ಕಾಲ ಬಾಳೀತು ಎಂಬುದು ಅಲ್ಲಿಯವರೆಗೆ ಧರ್ಮಗ್ರಂಥಗಳಿಗೂ ಜ್ಯೋತಿಷಿಗಳಿಗೂ ಬಿಟ್ಟ ಪ್ರಶ್ನೆಯಾಗಿತ್ತು. ಅದನ್ನು ಅಂಕಿಗಳಲ್ಲಿ ಕೇಳುವ ವಿಧಾನವನ್ನು ಜಗತ್ತಿಗೆ ಕೊಟ್ಟವರಲ್ಲಿ ಲಾಪ್ಲಾಸ್ ಅಗ್ರಗಣ್ಯ. ಆ ಅಂಕಿಗಳನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬ ಎಚ್ಚರವನ್ನೂ ಕೊಟ್ಟವನು ಆತನೇ.

ಪಾದ್ರಿಯಾಗಬೇಕಿದ್ದ ಹುಡುಗ

ಲಾಪ್ಲಾಸ್ ಜನಿಸಿದ್ದು 1749ರ ಮಾರ್ಚ್ 23ರಂದು, ಫ್ರಾನ್ಸಿನ ನಾರ್ಮಂಡಿ ಪ್ರಾಂತ್ಯದ ಬೋಮೋಂತ್ ಆನ್ ಓಜ್ ಎಂಬ ಪುಟ್ಟ ಊರಿನಲ್ಲಿ. ತಂದೆಗೆ ಸೇಬಿನ ಮದ್ಯದ ವ್ಯಾಪಾರ. ಮಗ ಪಾದ್ರಿಯಾಗಲೆಂಬುದು ಮನೆಯವರ ಇಚ್ಛೆ. ಅದರಂತೆ ದೇವತಾಶಾಸ್ತ್ರ ಕಲಿಯಲು ಆತ ಕಾನ್ ವಿಶ್ವವಿದ್ಯಾಲಯ ಸೇರಿದ. ಆದರೆ ಅಲ್ಲಿನ ಇಬ್ಬರು ಅಧ್ಯಾಪಕರು ಹುಡುಗನಲ್ಲಿದ್ದ ಗಣಿತ ಪ್ರತಿಭೆಯನ್ನು ಗುರುತಿಸಿದರು. ಪದವಿ ಪೂರೈಸುವ ಮೊದಲೇ, ತನ್ನ 19ನೇ ವಯಸ್ಸಿನಲ್ಲಿ, ಶಿಫಾರಸು ಪತ್ರವೊಂದನ್ನು ಹಿಡಿದು ಆತ ಪ್ಯಾರಿಸ್‌ಗೆ ಬಂದ. ಆ ಕಾಲದ ಹಿರಿಯ ಗಣಿತಜ್ಞ ದಾಲಾಂಬೇರ್ ಪತ್ರಕ್ಕೆ ಮರುಳಾಗಲಿಲ್ಲವಾದರೂ ಹುಡುಗನ ಬುದ್ಧಿಗೆ ಬೆರಗಾದನೆಂದು ಪ್ರತೀತಿ. ಆತನ ನೆರವಿನಿಂದ ಲಾಪ್ಲಾಸ್‌ಗೆ ಸೈನಿಕ ಶಾಲೆಯಲ್ಲಿ ಗಣಿತ ಬೋಧಿಸುವ ಕೆಲಸ ದೊರೆಯಿತು.

1774ರಲ್ಲಿ ಲಾಪ್ಲಾಸ್ ಪ್ರಕಟಿಸಿದ ಒಂದು ಪ್ರಬಂಧ ಸಂಭವನೀಯತೆಯ ಗಣಿತಕ್ಕೆ ಹೊಸ ದಿಕ್ಕು ತೋರಿತು. ಅದುವರೆಗೆ ಗಣಿತಜ್ಞರು ಜೂಜಿನ ದಾಳ ಹೇಗೆ ಬಿದ್ದೀತು ಎಂದು ಕೇಳುತ್ತಿದ್ದರು. ಲಾಪ್ಲಾಸ್ ಪ್ರಶ್ನೆಯನ್ನು ತಿರುವುಮುರುವು ಮಾಡಿದ. ಬಿದ್ದ ದಾಳವನ್ನು ನೋಡಿ ದಾಳದ ಗುಣವನ್ನು ಊಹಿಸುವುದು ಹೇಗೆ? ಕಾರ್ಯದಿಂದ ಕಾರಣಕ್ಕೆ ಹಿಂದಿರುಗುವುದು ಹೇಗೆ? ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ಇದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದ. 1761ರಲ್ಲಿ ಆತ ತೀರಿಕೊಂಡ ಮೇಲೆ, 1763ರಲ್ಲಿ, ಆತನ ಬರಹ ಅಚ್ಚಾಗಿತ್ತು. ಆದರೆ ಅದರ ಅರಿವಿಲ್ಲದೆಯೇ ಲಾಪ್ಲಾಸ್ ತನ್ನ ದಾರಿಯಲ್ಲಿ ಅಲ್ಲಿಗೆ ತಲುಪಿದ್ದ.

ಆ ವಿಧಾನವನ್ನು ಆತ ನಿಜಜೀವನದ ಅಂಕಿ ಅಂಶಗಳಿಗೂ ಅನ್ವಯಿಸಿದ. 1745ರಿಂದ 1770ರವರೆಗೆ ಪ್ಯಾರಿಸ್‌ನಲ್ಲಿ ದಾಖಲಾದ ಗಂಡು ಶಿಶುಗಳು 2,51,527. ಹೆಣ್ಣು ಶಿಶುಗಳು 2,41,945. ಈ ವ್ಯತ್ಯಾಸ ಆಕಸ್ಮಿಕವಲ್ಲ, ಗಂಡು ಜನನದ ಸಾಧ್ಯತೆಯೇ ತುಸು ಹೆಚ್ಚು ಎಂದು ಆತ ಗಣಿತದಿಂದ ತೋರಿಸಿದ. 1802ರಲ್ಲಿ ಆಯ್ದ ಊರುಗಳ 20,37,615 ಜನರ ಎಣಿಕೆಯನ್ನೂ ಅಲ್ಲಿನ ವಾರ್ಷಿಕ ಜನನಗಳನ್ನೂ ಹೋಲಿಸಿ ಇಡೀ ಫ್ರಾನ್ಸಿನ ಜನಸಂಖ್ಯೆಯನ್ನು ಅಂದಾಜು ಮಾಡಿಸಿದ. ಅಂದಾಜಿನಲ್ಲಿ ಎಷ್ಟು ತಪ್ಪಿರಬಹುದು ಎಂಬುದನ್ನೂ ಲೆಕ್ಕ ಹಾಕಿದ.

ಸೂರ್ಯೋದಯದ ಪಂದ್ಯ

ಈ ಗಣಿತದಿಂದ ಹೊರಟ ಒಂದು ಸರಳ ಸೂತ್ರ ಇಂದಿಗೂ ಲಾಪ್ಲಾಸ್‌ನ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಘಟನೆಯೊಂದು ಇದುವರೆಗೆ ಒಮ್ಮೆಯೂ ತಪ್ಪದೆ ನಡೆದಿದೆ, ಅದರ ಕಾರಣ ಮಾತ್ರ ನಮಗೆ ತಿಳಿದಿಲ್ಲ ಎಂದುಕೊಳ್ಳೋಣ. ನಡೆದ ಸಂಖ್ಯೆಗೆ ಒಂದು ಕೂಡಿಸಿ, ಅದನ್ನು ಅದೇ ಸಂಖ್ಯೆಗೆ ಎರಡು ಕೂಡಿಸಿದ ಮೊತ್ತದಿಂದ ಭಾಗಿಸಬೇಕು. ಮತ್ತೊಮ್ಮೆ ಅದು ನಡೆಯುವ ಸಂಭವನೀಯತೆ ಅಷ್ಟು. ಹತ್ತು ಬಾರಿ ನಡೆದಿದ್ದರೆ ಹನ್ನೆರಡರಲ್ಲಿ ಹನ್ನೊಂದು ಪಾಲು.

1814ರಲ್ಲಿ ಪ್ರಕಟಿಸಿದ, ಸಾಮಾನ್ಯ ಓದುಗರಿಗಾಗಿ ಬರೆದ ಸಂಭವನೀಯತೆಯ ಪ್ರಬಂಧದಲ್ಲಿ ಲಾಪ್ಲಾಸ್ ಇದನ್ನು ಸೂರ್ಯನಿಗೇ ಅನ್ವಯಿಸಿದ. ಮಾನವ ಇತಿಹಾಸ 5,000 ವರ್ಷಗಳದ್ದೆಂದರೆ ಅದು 18,26,213 ದಿನ. ಅಷ್ಟೂ ದಿನ ಸೂರ್ಯ ತಪ್ಪದೆ ಮೂಡಿದ್ದಾನೆ. ಆದ್ದರಿಂದ ನಾಳೆಯೂ ಮೂಡುತ್ತಾನೆಂದು ಒಂದಕ್ಕೆ 18,26,214ರಂತೆ ಪಂದ್ಯ ಕಟ್ಟಬಹುದು.

ಇದೇ ಸೂತ್ರವನ್ನು ನಾಳೆಯ ಬದಲು ದೀರ್ಘಕಾಲಕ್ಕೆ ಅನ್ವಯಿಸಿದರೆ ಉತ್ತರ ಬೆಚ್ಚಿಬೀಳಿಸುತ್ತದೆ. ಇನ್ನೂ 5,000 ವರ್ಷ ಸೂರ್ಯ ಎಡೆಬಿಡದೆ ಮೂಡುವ ಸಂಭವನೀಯತೆ ಅರ್ಧ ಮಾತ್ರ. 45,000 ವರ್ಷ ಎಂದರೆ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸೂರ್ಯನಿಗೆ ಸುಮಾರು 460 ಕೋಟಿ ವರ್ಷವಾಗಿದೆ, ಇನ್ನೂ ಸುಮಾರು 500 ಕೋಟಿ ವರ್ಷ ಬೆಳಗಲಿದ್ದಾನೆ ಎಂದು ಇಂದು ತಿಳಿದಿರುವವರಿಗೆ ಈ ಉತ್ತರ ಹಾಸ್ಯಾಸ್ಪದ. ತಪ್ಪು ಗಣಿತದಲ್ಲಿಲ್ಲ. ಸೂರ್ಯನ ಬಗ್ಗೆ ಏನೂ ತಿಳಿಯದವನೊಬ್ಬ ದಿನಗಳನ್ನು ಮಾತ್ರ ಎಣಿಸಿದರೆ ಆತನಿಗೆ ದೊರೆಯುವ ಉತ್ತರ ಇಷ್ಟೇ. ಲಾಪ್ಲಾಸ್‌ಗೆ ಇದು ಚೆನ್ನಾಗಿ ತಿಳಿದಿತ್ತು. ಹಗಲು ರಾತ್ರಿಗಳ ನಿಯಮವನ್ನು ಬಲ್ಲವನ ಪಾಲಿಗೆ ಆ ಭರವಸೆ ಹೋಲಿಸಲಾಗದಷ್ಟು ದೊಡ್ಡದು ಎಂದು ಆತ ಅಲ್ಲಿಯೇ ಸೇರಿಸಿದ್ದಾನೆ. ಆತನ ದೃಷ್ಟಿಯಲ್ಲಿ ನಿಸರ್ಗದಲ್ಲಿ ಆಕಸ್ಮಿಕವೆಂಬುದಿಲ್ಲ. ಸಂಭವನೀಯತೆ ಎಂಬುದು ನಮ್ಮ ಅರಿವು ಮತ್ತು ಅಜ್ಞಾನಗಳ ಅಳತೆ.

ಗ್ರಹಗಳ ಸ್ಥೈರ್ಯ, ಮನೆಯ ಅಸ್ಥಿರತೆ

ನಿಯಮವನ್ನು ಅರಿಯುವ ಆ ಕೆಲಸಕ್ಕೇ ಲಾಪ್ಲಾಸ್ ತನ್ನ ಜೀವನದ ಬಹುಭಾಗವನ್ನು ಮುಡಿಪಿಟ್ಟ. ಗುರು ಗ್ರಹ ವೇಗ ಪಡೆಯುತ್ತಿದೆ, ಶನಿ ನಿಧಾನವಾಗುತ್ತಿದೆ ಎಂಬುದು ಖಗೋಳಜ್ಞರನ್ನು ಬಹುಕಾಲ ಕಾಡಿದ್ದ ಒಗಟು. ಹೀಗೆಯೇ ಮುಂದುವರಿದರೆ ಸೌರಮಂಡಲವೇ ಚದುರಬಹುದಿತ್ತು. ಇದು ಸುಮಾರು 900 ವರ್ಷಗಳ ಆವರ್ತನೆ, ಎರಡು ಗ್ರಹಗಳ ಪರಸ್ಪರ ಸೆಳೆತದ ಫಲ, ಮತ್ತೆ ಸರಿಹೋಗುತ್ತದೆ ಎಂದು 1785ರಲ್ಲಿ ಆತ ತೋರಿಸಿದ. 1799ರಿಂದ 1825ರವರೆಗೆ ಐದು ಸಂಪುಟಗಳಲ್ಲಿ ಬಂದ ಖಗೋಳ ಯಂತ್ರಶಾಸ್ತ್ರದ ಗ್ರಂಥ ಈ ಶ್ರಮದ ಶಿಖರ.

ಆಕಾಶದಲ್ಲಿ ಸ್ಥೈರ್ಯ ಕಂಡವನ ಸುತ್ತಲಿನ ನೆಲ ಮಾತ್ರ ಕುಸಿಯುತ್ತಿತ್ತು. ಕ್ರಾಂತಿಯ ಭಯೋತ್ಪಾತದಲ್ಲಿ 1793ರಲ್ಲಿ ಅಕಾಡೆಮಿಯನ್ನು ಮುಚ್ಚಲಾಯಿತು. ಲಾಪ್ಲಾಸ್‌ನನ್ನು ತೂಕ ಅಳತೆಗಳ ಆಯೋಗದಿಂದ ತೆಗೆದುಹಾಕಲಾಯಿತು. ಆತ ಹೆಂಡತಿ ಮಕ್ಕಳೊಂದಿಗೆ ಪ್ಯಾರಿಸ್ ತೊರೆದು ಮೆಲನ್ ಪಟ್ಟಣದಲ್ಲಿ ನೆಲೆಸಿದ. ಹಳೆಯ ಸಹೋದ್ಯೋಗಿ ಲವಾಸಿಯೇ 1794ರ ಮೇ 8ರಂದು ಗಿಲೊಟಿನ್‌ಗೆ ತಲೆಯೊಡ್ಡಿದ. ಮನುಕುಲದ ಪ್ರಗತಿಗೆ ಮಿತಿಯೇ ಇಲ್ಲವೆಂದು ತಲೆಮರೆಸಿಕೊಂಡು ಬರೆಯುತ್ತಿದ್ದ ಕೊಂದೊರ್ಸೆ ಅದೇ ವರ್ಷದ ಮಾರ್ಚ್‌ನಲ್ಲಿ ಸೆರೆಮನೆಯಲ್ಲಿ ಸತ್ತ.

ಲಾಪ್ಲಾಸ್ ಉಳಿದ, ಬೆಳೆದ. ಹಿಂದೆ ಸೈನಿಕ ಶಾಲೆಯಲ್ಲಿ ತಾನೇ ಪರೀಕ್ಷಿಸಿದ್ದ ನೆಪೋಲಿಯನ್ ಅಧಿಕಾರಕ್ಕೆ ಬಂದಾಗ, 1799ರಲ್ಲಿ, ಒಳಾಡಳಿತ ಸಚಿವನೂ ಆದ. ಆರು ವಾರಗಳಲ್ಲೇ ಆ ಹುದ್ದೆ ಹೋಯಿತು. ಆತ ಆಡಳಿತಕ್ಕೂ ಗಣಿತದ ಅತಿಸೂಕ್ಷ್ಮಗಳನ್ನು ತಂದನೆಂದು ನೆಪೋಲಿಯನ್ ಮುಂದೆ ಆಡಿಕೊಂಡ. 1812ರಲ್ಲಿ ಸಂಭವನೀಯತೆಯ ಮಹಾಗ್ರಂಥವನ್ನು ನೆಪೋಲಿಯನ್‌ಗೆ ಅರ್ಪಿಸಿದ ಲಾಪ್ಲಾಸ್, 1814ರಲ್ಲಿ ಆತನನ್ನು ಪದಚ್ಯುತಗೊಳಿಸಲು ಮತ ಹಾಕಿದ. ಹೊಸ ಆವೃತ್ತಿಯಿಂದ ಅರ್ಪಣೆಯ ಪುಟವೂ ಮಾಯವಾಯಿತು. ಮರಳಿ ಬಂದ ಅರಸೊತ್ತಿಗೆ 1817ರಲ್ಲಿ ಆತನಿಗೆ ಮಾರ್ಕ್ವಿಸ್ ಪದವಿ ನೀಡಿತು. ಈ ನಡುವೆ 1813ರಲ್ಲಿ ಒಬ್ಬಳೇ ಮಗಳು ಸೋಫಿ ಹೆರಿಗೆಯಲ್ಲಿ ತೀರಿಕೊಂಡಳು. ಆಕೆಯ ಮಗು ಉಳಿಯಿತು. ಲಾಪ್ಲಾಸ್‌ನ ವಂಶ ಮುಂದುವರಿದದ್ದು ಆ ಮಗುವಿನಿಂದ.

ಮನುಕುಲದ ಆಯುಷ್ಯ

ಮನುಕುಲ ಇಷ್ಟು ವರ್ಷ ಬಾಳುತ್ತದೆ ಎಂದು ಲಾಪ್ಲಾಸ್ ಲೆಕ್ಕ ಹಾಕಲಿಲ್ಲ. ಆದರೆ 1773ರ ಭೀತಿಯನ್ನು ಆತ ಮರೆಯಲೂ ಇಲ್ಲ. 1796ರಲ್ಲಿ ಪ್ರಕಟವಾದ ವಿಶ್ವವ್ಯವಸ್ಥೆಯ ಗ್ರಂಥದಲ್ಲಿ ಧೂಮಕೇತುವಿನ ಡಿಕ್ಕಿಯನ್ನು ಆತ ಗಂಭೀರವಾಗಿ ಪರಿಶೀಲಿಸಿದ್ದಾನೆ. ಭೂಮಿಯ ಅಕ್ಷ ಪಲ್ಲಟವಾಗಿ, ಸಮುದ್ರಗಳು ಉಕ್ಕಿ, ಜೀವರಾಶಿಗಳೇ ಅಳಿಯಬಹುದೆಂದು ಚಿತ್ರಿಸಿದ್ದಾನೆ. ಒಂದು ಶತಮಾನದಲ್ಲಿ ಅದರ ಸಂಭವನೀಯತೆ ಅತ್ಯಲ್ಪ. ಶತಮಾನಗಳು ಸೇರುತ್ತ ಹೋದಂತೆ ಅದೇ ದೊಡ್ಡದಾಗಬಲ್ಲದು. ಜೊತೆಗೇ ಇನ್ನೊಂದು ಲೆಕ್ಕವನ್ನೂ ಕೊಟ್ಟ. 1770ರಲ್ಲಿ ಭೂಮಿಗೆ ತೀರ ಸಮೀಪ ಹಾದುಹೋದ ಲೆಕ್ಸೆಲ್ ಧೂಮಕೇತು ನಮ್ಮ ವರ್ಷದ ಅವಧಿಯನ್ನು ಕಿಂಚಿತ್ತೂ ಬದಲಿಸಲಿಲ್ಲ. ಆದ್ದರಿಂದ ಅದರ ದ್ರವ್ಯರಾಶಿ ಭೂಮಿಯ 5,000ದಲ್ಲಿ ಒಂದು ಪಾಲಿಗಿಂತ ಕಡಿಮೆ. ಭಯ ಕಳೆಯಲು ಆತ ಬಳಸಿದ್ದು ಅರಿವನ್ನು.

ಲಾಪ್ಲಾಸ್ ಬಿಟ್ಟುಹೋದ ಎಳೆಯನ್ನು ಎತ್ತಿಕೊಂಡದ್ದು ಇಪ್ಪತ್ತನೇ ಶತಮಾನ. 1983ರಲ್ಲಿ ಭೌತವಿಜ್ಞಾನಿ ಬ್ರಾಂಡನ್ ಕಾರ್ಟರ್ ಮಂಡಿಸಿದ, ಬಳಿಕ ತತ್ತ್ವಶಾಸ್ತ್ರಜ್ಞ ಜಾನ್ ಲೆಸ್ಲಿ ಬೆಳೆಸಿದ ವಾದ ಹೀಗಿದೆ: ಎರಡು ಮಡಕೆಗಳಲ್ಲಿ ಒಂದರಲ್ಲಿ 10, ಇನ್ನೊಂದರಲ್ಲಿ 1,000 ಕ್ರಮಸಂಖ್ಯೆಯ ಚೀಟಿಗಳಿವೆ. ಯಾವುದೋ ಒಂದು ಮಡಕೆಯಿಂದ ತೆಗೆದ ಚೀಟಿಯಲ್ಲಿ 7 ಎಂದಿದ್ದರೆ ಅದು ಸಣ್ಣ ಮಡಕೆಯೆಂದು ಒಂದಕ್ಕೆ ನೂರರಂತೆ ನಂಬಬಹುದು. ಇದುವರೆಗೆ ಹುಟ್ಟಿದ ಮನುಷ್ಯರು ಒಂದು ಅಂದಾಜಿನಂತೆ ಸುಮಾರು 11,700 ಕೋಟಿ. ನಮ್ಮ ಜನ್ಮದ ಕ್ರಮಸಂಖ್ಯೆಯೂ ಅದರ ಆಸುಪಾಸಿನದೇ. ಹಾಗಾದರೆ ಮನುಕುಲದ ಮಡಕೆ ತೀರ ದೊಡ್ಡದಿರಲಾರದು ಎಂಬುದು ವಾದದ ಸಾರ.

ರಿಚರ್ಡ್ ಗಾಟ್ 1969ರಲ್ಲಿ, ಆಗ 8 ವರ್ಷ ಹಳೆಯದಾಗಿದ್ದ ಬರ್ಲಿನ್ ಗೋಡೆಯನ್ನು ನೋಡಿ, ಅದು ಇನ್ನು 24 ವರ್ಷದೊಳಗೆ ಇಲ್ಲವಾಗುವ ಸಾಧ್ಯತೆಯೇ ಹೆಚ್ಚೆಂದು ಇಂತಹುದೇ ತರ್ಕದಿಂದ ಊಹಿಸಿದ್ದ. 1989ರಲ್ಲಿ ಗೋಡೆ ಉರುಳಿತು. 1993ರಲ್ಲಿ ಆತ ಅದೇ ತರ್ಕವನ್ನು 2 ಲಕ್ಷ ವರ್ಷದ ಮನುಕುಲಕ್ಕೆ ಅನ್ವಯಿಸಿದ. ಇನ್ನು 5,100 ವರ್ಷಕ್ಕಿಂತ ಹೆಚ್ಚು, 78 ಲಕ್ಷ ವರ್ಷಕ್ಕಿಂತ ಕಡಿಮೆ ಎಂಬುದು ಶೇ. 95ರ ಭರವಸೆಯ ಉತ್ತರ.

ಈ ಸಂಖ್ಯೆಗಳ ಮೇಲೆ ವಾದ ನಿಂತಿಲ್ಲ. ಆದರೆ ಸೂರ್ಯೋದಯದ ಪಂದ್ಯಕ್ಕೆ ಲಾಪ್ಲಾಸ್ ಹಾಕಿದ ಷರತ್ತು ಇವುಗಳಿಗೂ ಸಲ್ಲುತ್ತದೆ. ಕಾಲವನ್ನು ಅಥವಾ ತಲೆಗಳನ್ನು ಎಣಿಸುವುದರ ಹೊರತು ಬೇರೇನನ್ನೂ ತಿಳಿಯದವನ ಉತ್ತರಗಳು ಇವು. ಯುದ್ಧ, ರೋಗ, ಹವಾಮಾನ, ಆಕಾಶದ ಬಂಡೆಗಳ ಬಗ್ಗೆ ತಿಳಿದಷ್ಟೂ ಉತ್ತರ ಬದಲಾಗಬೇಕು. ಷರತ್ತು ಮರೆತರೆ ಏನಾಗುತ್ತದೆ ಎಂಬುದಕ್ಕೆ ಲಾಪ್ಲಾಸ್‌ನೇ ಸಾಕ್ಷಿ. ಶನಿಯ ದ್ರವ್ಯರಾಶಿ ಸೂರ್ಯನ 3,512ರಲ್ಲಿ ಒಂದು ಪಾಲು, ಶೇ. 1ರಷ್ಟೂ ತಪ್ಪಿಲ್ಲವೆಂದು ಆತ ಒಂದಕ್ಕೆ 11,000ದಂತೆ ಪಂದ್ಯ ಕಟ್ಟಿದ, ಗೆದ್ದ. ಗುರುವಿನ ದ್ರವ್ಯರಾಶಿ 1,071ರಲ್ಲಿ ಒಂದು ಪಾಲೆಂದು ಒಂದಕ್ಕೆ ಹತ್ತು ಲಕ್ಷದಂತೆ ಕಟ್ಟಿದ, ಸೋತ. ನಿಜವಾದ ಸಂಖ್ಯೆ ಸುಮಾರು 1,047. ಸೌರಮಂಡಲದ ಸ್ಥೈರ್ಯವೂ ಆತ ನಂಬಿದಷ್ಟು ಗಟ್ಟಿಯಲ್ಲ. ಸೂರ್ಯನ ಆಯುಷ್ಯ ಮುಗಿಯುವುದರೊಳಗೆ ಬುಧನ ಕಕ್ಷೆ ಅಸ್ತವ್ಯಸ್ತವಾಗುವ ಸಾಧ್ಯತೆ ಸುಮಾರು ಶೇ. 1ರಷ್ಟಿದೆ ಎಂದು 2009ರಲ್ಲಿ ಲಾಸ್ಕರ್ ಮತ್ತು ಗಾಸ್ತಿನೊ ಗಣಕದಲ್ಲಿ ತೋರಿಸಿದರು.

1773ರ ಕಥೆ 2025ರಲ್ಲಿ ಬೇರೊಂದು ರೂಪದಲ್ಲಿ ಮರುಕಳಿಸಿತು. 2024 ವೈಆರ್4 ಎಂಬ ಕ್ಷುದ್ರಗ್ರಹ 2032ರಲ್ಲಿ ಭೂಮಿಗೆ ಬಡಿಯುವ ಸಂಭವನೀಯತೆ ಫೆಬ್ರವರಿಯಲ್ಲಿ ಶೇ. 3ನ್ನು ದಾಟಿತು. ದೂರದರ್ಶಕಗಳು ಅದನ್ನು ಇನ್ನಷ್ಟು ಗಮನಿಸಿದವು. ಕೆಲವೇ ದಿನಗಳಲ್ಲಿ ಆ ಅಂಕಿ ಬಹುತೇಕ ಸೊನ್ನೆಗಿಳಿಯಿತು. ಬಂಡೆ ತನ್ನ ದಾರಿಯನ್ನು ಬದಲಿಸಿರಲಿಲ್ಲ. ಬದಲಾದದ್ದು ಮನುಷ್ಯನ ಅರಿವು.

ಲಾಪ್ಲಾಸ್ 1827ರ ಮಾರ್ಚ್ 5ರಂದು ಪ್ಯಾರಿಸ್‌ನಲ್ಲಿ ಕಣ್ಣುಮುಚ್ಚಿದ. ನ್ಯೂಟನ್ ತೀರಿಕೊಂಡು ಆಗ ನೂರು ವರ್ಷ. ಮರುದಿನ ಪ್ಯಾರಿಸ್‌ನಲ್ಲಿ ಸೂರ್ಯ ಎಂದಿನಂತೆಯೇ ಮೂಡಿದ.