ಊರಿಗೆ ನಕ್ಷೆ ಹಾಕಿದ ಮೀರ್ ಮೋಮಿನ್

ಹೋದ ದಸರೆ ರಜೆಯಲ್ಲಿ ಬೀದರಿನಿಂದ ನಮ್ಮ ಕಾಕಾ ಬಂದಿದ್ದರು. ಅವರಿಗೆ ಚಾರ್ಮಿನಾರ್ ತೋರಿಸಿ, ಇದನ್ನು ಮಹಮ್ಮದ್ ಕುಲಿ ಕುತುಬ್ ಷಾ 1591ರಲ್ಲಿ ಕಟ್ಟಿಸಿದನೆಂದು ದೊಡ್ಡದಾಗಿ ಹೇಳಿದೆ. ಕಟ್ಟಿಸಿದವನು ಸರಿ, ನಕ್ಷೆ ಹಾಕಿದವರು ಯಾರೆಂದು ಕಾಕಾ ಕೇಳಿದರು. ನನ್ನ ಬಾಯಿ ಕಟ್ಟಿತು. ಆಮೇಲೆ ಹುಡುಕಿ ಓದಿದ್ದನ್ನು ಇಲ್ಲಿ ಬರೆದಿದ್ದೇನೆ.

ಅವರ ಹೆಸರು ಮೀರ್ ಮೋಮಿನ್. ಊರು ಇರಾನಿನ ಅಸ್ತರಾಬಾದ್. ಷಾ ತಹ್ಮಾಸ್ಪನ ಮಗ ಹೈದರ್ ಮಿರ್ಜಾನಿಗೆ ಗುರುಗಳಾಗಿದ್ದರು. 1576ರಲ್ಲಿ ಷಾ ತೀರಿಕೊಂಡ. ಗದ್ದುಗೆಯ ಜಗಳದಲ್ಲಿ ಆ ಶಿಷ್ಯನ ಕೊಲೆಯೂ ಆಯಿತು. ದೇಶ ಬಿಟ್ಟ ಗುರುಗಳು 1581ರ ಸುಮಾರಿಗೆ ಗೋಲ್ಕೊಂಡಕ್ಕೆ ಬಂದರು. ಕೆಲವೇ ವರ್ಷಗಳಲ್ಲಿ ಕುಲಿ ಕುತುಬ್ ಷಾ ಅವರನ್ನು ಪೇಶ್ವೆ ಮಾಡಿಕೊಂಡ, ಅಂದರೆ ರಾಜ್ಯದ ಮುಖ್ಯಮಂತ್ರಿ.

ಗೋಲ್ಕೊಂಡದಲ್ಲಿ ಆಗ ಜನ ಕಿಕ್ಕಿರಿದಿದ್ದರು, ನೀರು ಸಾಲದು. ಮೂಸಿಯ ಆಚೆ ಹೊಸ ಊರು ಕಟ್ಟುವುದೆಂದಾಯಿತು. ಮೋಮಿನರು ಎರಡು ದೊಡ್ಡ ಬೀದಿಗಳನ್ನು ಅಡ್ಡಡ್ಡ ಹಾಯಿಸಿದರು. ಅವು ಕೂಡುವಲ್ಲಿ ಚಾರ್ಮಿನಾರ್. ಅದರ ನಾಲ್ಕು ಕಮಾನುಗಳು ನಾಲ್ಕು ದಿಕ್ಕಿನ ಬೀದಿಗಳಿಗೆ ಬಾಯಿ ತೆರೆದಿವೆ. ಉತ್ತರಕ್ಕೆ ಹೋದರೆ ಚಾರ್ ಕಮಾನ್, ಅದರ ನಡುವೆ ಗುಲ್ಜಾರ್ ಹೌಜ್. 1595ರಲ್ಲಿ ದಾರುಲ್ ಶಿಫಾ ಎಂಬ ಆಸ್ಪತ್ರೆಯೂ ಎದ್ದಿತು. ಇದೆಲ್ಲ ಇಸ್ಫಹಾನಿನ ನಕಲು ಎನ್ನುವವರಿದ್ದಾರೆ. ಆದರೆ ಷಾ ಅಬ್ಬಾಸ್ ಇಸ್ಫಹಾನನ್ನು ರಾಜಧಾನಿ ಮಾಡಿ ಅದಕ್ಕೆ ಹೊಸ ರೂಪ ಕೊಡತೊಡಗಿದ್ದು 1598ರ ಹೊತ್ತಿಗೆ. ಚಾರ್ಮಿನಾರ್ ಆಗಲೇ ನಿಂತಿತ್ತು!

ಇಟಲಿಯ ಲಿಯೊನಾರ್ಡೊ ಡಾ ವಿಂಚಿಯ ಹೆಸರು ನಮಗೆಲ್ಲ ಗೊತ್ತು. ಚಿತ್ರ ಬರೆದವನು, ಹಾರುವ ಯಂತ್ರ ಕಲ್ಪಿಸಿದವನು. ಮಿಲಾನಿನಲ್ಲಿ ಪ್ಲೇಗು ಬಂದು ಜನ ಸತ್ತ ಮೇಲೆ ಅವನೂ ಒಂದು ಆದರ್ಶ ನಗರದ ನಕ್ಷೆ ಬರೆದಿದ್ದ. ಅಗಲ ಬೀದಿ, ಕಾಲುವೆ, ನಡೆಯುವವರಿಗೆ ಮೇಲೊಂದು ದಾರಿ, ಗಾಡಿಗೆ ಕೆಳಗೊಂದು ದಾರಿ. ಅದು ಕಾಗದದಲ್ಲೇ ಉಳಿಯಿತು. ಮೋಮಿನರ ಊರಿನಲ್ಲಿ ನಾವು ದಿನಾ ಓಡಾಡುತ್ತೇವೆ, ಅವರ ಹೆಸರು ಮಾತ್ರ ಕೇಳಿಲ್ಲ.

ಅವರು ಫಾರಸಿಯಲ್ಲಿ ಪದ್ಯ ಬರೆದರು. ತೂಕ ಮತ್ತು ಅಳತೆಗಳ ಮೇಲೆಯೇ ಒಂದು ಪುಸ್ತಕ ಬರೆದರು, ಹೆಸರು ರಿಸಾಲಾ ಮಿಕ್ದಾರಿಯಾ. ಕವಿಯಾದವರು ಸೇರು, ತೊಲೆಗಳ ಲೆಕ್ಕಕ್ಕೆ ಕೂತದ್ದು ಕೇಳಿ ಕಾಮರ್ಸ್ ಓದುವ ನನಗೆ ಖುಷಿಯಾಯಿತು. ಸಾಹಿತ್ಯ ಸಂಘದಲ್ಲಿ ಲೆಕ್ಕದ ಹುಡುಗನಿಗೇನು ಕೆಲಸ ಎಂದು ನಗುವ ಗೆಳೆಯರು ಇದನ್ನು ಗಮನಿಸಬೇಕು.

1625ರಲ್ಲಿ ತೀರಿಕೊಂಡ ಅವರ ಗೋರಿ ಹಳೇ ಶಹರಿನಲ್ಲಿ, ಅವರೇ ಮಾಡಿಸಿದ ಖಬರಸ್ತಾನದಲ್ಲಿದೆ. ಜನ ಅದನ್ನು ಮೀರ್ ಮೋಮಿನ್ ದಾಯಿರಾ ಎನ್ನುತ್ತಾರೆ. ಹೋದ ತಿಂಗಳು ನಾನೂ ಹೋಗಿ ಬಂದೆ. ಊರು ಬಿಟ್ಟು ಬಂದವರೊಬ್ಬರು ನಮಗೆಲ್ಲ ಊರು ಮಾಡಿಕೊಟ್ಟರು. ಬೀದರಿನಿಂದ ಬಂದು ಇಲ್ಲಿ ಓದುತ್ತಿರುವ ನನಗೆ ಇದು ಸಣ್ಣ ಮಾತೆನಿಸಲಿಲ್ಲ. ಅಂದೇ ಕಾಕಾಗೆ ಉತ್ತರ ಬರೆದು ಅಂಚೆಗೆ ಹಾಕಿದೆ.